ರೆಕಾರ್ಡಿನೊಳಗಿನ ಅಪ್ಪ

ಅಧ್ಯಕ್ಷ ಸ್ಥಾನದಲ್ಲಿ ಕುಳಿತಿರುವ ಪಾದ್ರಿಗಳೇ, ಕೌನ್ಸಿಲ್‌ನವರೇ, ದೋಣಿಯಲ್ಲಿ ನೆನೆದು, ವಿಮಾನದಲ್ಲಿ ಕುಲುಕಿ ಇಲ್ಲಿಯವರೆಗೆ ಬಂದ ನೆಂಟರೇ, ಬೆಳಗಿನಿಂದ ನಿಂತೇ ಇರುವ ನಮ್ಮ ಬೀಗರೇ, ಸಭಿಕರೇ,

ನಮ್ಮಕ್ಕ ಡಾರ್ಕಸ್ ತೀರಿ ವರ್ಷ ಕಳೆಯಿತು, ಇವತ್ತು ಅವಳ ಸಮಾಧಿ ಕಲ್ಲಿನ ಮೇಲಿನ ಬಟ್ಟೆ ಸರಿದಿದೆ. ಕಲ್ಲು ಚೆನ್ನಾಗಿದೆ. ಮನೆಯವರ ಪರವಾಗಿ ನಾನು ಕೃತಜ್ಞತೆ ಹೇಳಬೇಕು, ಆಮೇಲೆ ಅವಳಿಗೆ ಇಷ್ಟವಾದ ಹಾಡಿಗೆ ಕೆಳದನಿ ಸೇರಿಸಬೇಕು, ಆಮೇಲೆ ಊಟ. ಕಾರ್ಯಕ್ರಮ ಹಾಗಂತ ಬರೆದಿದ್ದಾರೆ. ಬರೆದವರಿಗೆ ಬೆಳಗಿನ ಚಹಾದ ಹೊತ್ತಿಗೆ ಏನಾಯಿತು ಅಂತ ಗೊತ್ತಿರಲಿಲ್ಲ. ಹೇಳಿಬಿಡುತ್ತೇನೆ. ಅರುವತ್ತು ವರ್ಷ ನಾನು ಯಾರನ್ನು ಅಪ್ಪ ಅಂದುಕೊಂಡು ಬದುಕಿದೆನೋ ಅವನು ನನ್ನ ಅಪ್ಪನಲ್ಲವಂತೆ. ಇದನ್ನು ಒಳಗಿಟ್ಟುಕೊಂಡು ಅಕ್ಕನ ಗುಣಗಾನ ಮಾಡು ಅಂದರೆ ನನ್ನಿಂದ ಆಗುವುದಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಮುತ್ತಿನ ಚಿಪ್ಪಿನ ದೋಣಿ ಹತ್ತಿದವನು ನಾನು. ಹೊಟ್ಟೆಯಲ್ಲೊಂದು, ಬಾಯಲ್ಲೊಂದು ಇಟ್ಟುಕೊಳ್ಳುವ ವಿದ್ಯೆ ಐದನೇ ಕ್ಲಾಸಿನಲ್ಲಿ ಕಲಿಸುತ್ತಾರೋ ಏನೋ.

ನಮ್ಮ ಮನೆಯಲ್ಲಿ ಮೂರು ರೆಕಾರ್ಡುಗಳಿದ್ದವು. ಒಂದು ದನ ಕಾಯುವವರ ಹಾಡುಗಳದು. ಅದರಲ್ಲಿ ಒಬ್ಬ ಗಂಟಲು ಒಡೆದುಕೊಂಡು ಊಳಿಡುತ್ತಿದ್ದ. ಅದನ್ನು ಕಲಿತು ನಾನು ಊರಿನ ನಾಯಿಗಳನ್ನೆಲ್ಲ ಒಟ್ಟು ಮಾಡುತ್ತಿದ್ದೆ. ಇನ್ನೊಂದು ಹವಾಯಿಯ ಗಿಟಾರಿನದು. ಅದರ ಮೇಲೆ ನಮ್ಮ ದೊಡ್ಡಮ್ಮ ಕೂತರು. ದೊಡ್ಡಮ್ಮನ ಗಾತ್ರ ಇಲ್ಲಿ ಹಲವರಿಗೆ ನೆನಪಿದೆ. ಉಳಿದ ವಿಷಯ ಹೇಳಬೇಕಾಗಿಲ್ಲ.

ಮೂರನೆಯದು ನಮ್ಮ ಜಲಸಂಧಿಯ ಗಂಡಸರು ಹಾಡಿದ್ದು. ರೈಲು ಹಳಿ ಹಾಕಲು ದ್ವೀಪ ಬಿಟ್ಟು ಸಮುದ್ರದಾಚೆಯ ದೊಡ್ಡ ನೆಲಕ್ಕೆ ಹೋದವರು. ಯಾವುದೋ ಚರ್ಚಿನವರು ಅವರನ್ನು ಒಂದು ಭಾನುವಾರ ಕೂರಿಸಿ, ನಮ್ಮ ದ್ವೀಪದ ಹಾಡುಗಳನ್ನು ಹಾಡಿಸಿ ರೆಕಾರ್ಡು ಮಾಡಿದ್ದರು. ನಮ್ಮ ಅಪ್ಪನೂ ಆ ಕೆಲಸಕ್ಕೇ ಹೋಗಿದ್ದ. ನಾನಾಗ ಅಂಬೆಗಾಲಿಡುತ್ತಿದ್ದೆನಂತೆ. ಹೋದವನು ಬರಲಿಲ್ಲ. ಅಮ್ಮ ಕಾದು ಕಾದು ಜ್ವರದಲ್ಲಿ ಹೋದಳು. ಅಕ್ಕನಿಗೆ ಇನ್ನೂ ಹದಿನಾರು ತುಂಬಿರಲಿಲ್ಲ. ಅಷ್ಟರಲ್ಲಿ ಒಬ್ಬ ದೋಣಿಯವನು ಈ ರೆಕಾರ್ಡು ತಂದುಕೊಟ್ಟು, ನಿಮ್ಮಪ್ಪನ ಗ್ಯಾಂಗಿನವರು ಹಾಡಿದ್ದು ಅಂದ. ಅಕ್ಕ ಅದನ್ನು ಹಾಕಿ ಕೇಳಿದಳು. ಒಂದು ಹಾಡಿಗೆ ಮೊದಲು ಯಾರೋ ಎರಡು ಸಲ ಗಂಟಲು ಸರಿಮಾಡಿಕೊಂಡು, ಮೂರನೆಯದನ್ನು ಮೂಗಿನಲ್ಲಿ ಮುಗಿಸಿ, ಸಮುದ್ರದ ತಳದಿಂದ ಬಂದ ಹಾಗೆ ಕೆಳದನಿಯಲ್ಲಿ ಶುರು ಮಾಡುತ್ತಾನೆ. ಅಕ್ಕ ನನ್ನ ಕೆನ್ನೆ ಹಿಡಿದು ತಿರುಗಿಸಿ, "ಕೇಳಿಸ್ಕೋ, ಅಪ್ಪ. ಪಾಪ, ಅವತ್ತು ಶೀತ ಆಗಿತ್ತು ಅನ್ಸುತ್ತೆ" ಅಂದಳು.

ಅಲ್ಲಿಗೆ ನನಗೆ ಅಪ್ಪ ಸಿಕ್ಕಿದ.

ಪ್ರತಿ ಭಾನುವಾರ ಚರ್ಚಿನಿಂದ ಬಂದಮೇಲೆ ಅಪ್ಪ ಹಾಡುತ್ತಿದ್ದ. ಬ್ಯಾಟರಿ ಕಡಿಮೆಯಾದಾಗ ಅಪ್ಪನಿಗೆ ಸುಸ್ತಾಗುತ್ತಿತ್ತು. ನಾನು ವಾರದಲ್ಲಿ ಏನಾದರೂ ಕಿತಾಪತಿ ಮಾಡಿದ್ದರೆ ಅಕ್ಕ ಆ ಹಾಡು ಬರುವ ಹೊತ್ತಿಗೆ ಮುಳ್ಳು ಎತ್ತಿಬಿಡುತ್ತಿದ್ದಳು. "ಇವತ್ತು ಅಪ್ಪನಿಗೆ ನಿನ್ನ ಮುಖ ತೋರಿಸ್ಬೇಡ" ಅನ್ನುತ್ತಿದ್ದಳು. ಪಕ್ಕದ ಮನೆಯವರ ಕೋಳಿಮೊಟ್ಟೆ ಕದ್ದದ್ದನ್ನು ನಾನು ಪಾದ್ರಿಗಳ ಮುಂದೆ ಒಪ್ಪಿಕೊಂಡಿಲ್ಲ, ಆ ಪೆಟ್ಟಿಗೆಯ ಮುಂದೆ ಮೊಣಕಾಲೂರಿ ಒಪ್ಪಿಕೊಂಡೆ. ನಗುತ್ತೀರಿ. ನಗಿ. ದೋಣಿಯಲ್ಲಿ ಎಲ್ಲರೂ ಕುಡಿಯುತ್ತಿದ್ದಾಗ ಕುಡಿಯದೆ ಕೂತದ್ದು ಯಾರ ಹೆದರಿಕೆಗೆ? ನೀರಿನ ಕೆಳಗೆ ಗಾಳಿಕೊಳವೆ ತಿರುಚಿಕೊಂಡಾಗ ಕೈಕಾಲು ಬಡಿಯದೆ ಆ ಹಾಡನ್ನು ತಲೆಯೊಳಗೆ ಹಾಡಿಕೊಂಡು ಮೇಲೆ ಬಂದದ್ದು ಯಾರ ದನಿಯಲ್ಲಿ? ಈ ಚರ್ಚಿನಲ್ಲಿ ನನ್ನ ಗಂಟಲಿಗೆ ತಲೆದೂಗುತ್ತೀರಲ್ಲ, ಅದನ್ನು ನಾನು ಯಾರ ಗಂಟಲು ನೋಡಿ ಕಡೆದುಕೊಂಡೆ? ಮೊದಲ ಮಗ ಹುಟ್ಟಿದಾಗ ಹೆಂಡತಿ ಬೇರೆ ಹೆಸರು ಹೇಳಿದಳು. ನಾನು ಜಗಳವಾಡಿ ಅಪ್ಪನ ಹೆಸರೇ ಇಟ್ಟೆ.

ಈಗ ಬೆಳಗಿನ ವಿಷಯ.

ಸಾವಿನ ಮನೆಯವರು ಕಲ್ಲಿನ ಕೆಲಸಕ್ಕೆ ಕೈ ಹಾಕಬಾರದು, ಎಲ್ಲ ಬೀಗರದ್ದೇ. ಹಳ್ಳ ತೋಡುವುದು, ಕಲ್ಲು ತರಿಸುವುದು, ಹಂದಿ ಮಣ್ಣಿನೊಲೆಗೆ ಇಳಿಸುವುದು, ಯಾರನ್ನು ಕರೆಯಬೇಕು ಅನ್ನುವುದು ಕೂಡ. ನಾವು ಬೆಂಚಿನ ಮೇಲೆ ಕೂತು ಕೊಟ್ಟದ್ದನ್ನು ತಿನ್ನಬೇಕು. ಅಕ್ಕನ ಮೈದುನ ಟಿಟಸ್ ಈ ವರ್ಷವೆಲ್ಲ ನನ್ನ ಮುಂದೆ ಗುಟ್ಟಿನ ನಗು ನಗುತ್ತ ಓಡಾಡುತ್ತಿದ್ದ. ಹಿಂದಿನ ಸಲ ಇಂಥದ್ದೇ ಕಲ್ಲಿನ ಕಾರ್ಯಕ್ಕೆ ಆ ಕಡೆಯ ದ್ವೀಪದ ಬೀಗರು ಬ್ಯಾಂಡು ತರಿಸಿದ್ದರಲ್ಲ, ಅವರನ್ನು ಮೀರಿಸಬೇಕು ಅಂತ ಇವನ ಹಟ. ಆ ರೆಕಾರ್ಡಿನಲ್ಲಿ ಹಾಡಿದವರಲ್ಲಿ ಬದುಕಿರುವ ಒಬ್ಬರನ್ನು ದೊಡ್ಡ ನೆಲದ ಟೌನ್ಸ್‌ವಿಲ್‌ನಲ್ಲಿ ಹುಡುಕಿ, ಯಾರಿಗೂ ಹೇಳದೆ ಕರೆತಂದ. ಅವರು ರೆಕಾರ್ಡಿನ ಜೊತೆಗೆ ನಿಂತು ಹಾಡಬೇಕು, ನಾನು ನನ್ನ ಅಪ್ಪನ ದನಿಗೆ ದನಿ ಸೇರಿಸಬೇಕು, ಸಭೆಯೆಲ್ಲ ಅಳಬೇಕು. ಬೇರೆ ಯಾವ ಊರಿನ ಬೀಗ ಇಂಥ ಕೆಲಸ ಮಾಡುತ್ತಾನೆ? ಟಿಟಸ್, ತಲೆ ಎತ್ತು. ನಿನ್ನನ್ನು ಬೈಯುತ್ತಿಲ್ಲ. ಬೈಯುತ್ತೇನೆ, ಆಮೇಲೆ.

ನಾನು ಚಹಾ ಹಿಡಿದು ನಿಂತಿದ್ದೆ. ಬೆನ್ನ ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು. ಎರಡು ಸಲ. ಆಮೇಲೆ ಮೂಗಿನಲ್ಲಿ. ತಿರುಗಿ ನೋಡಿದರೆ ಕೋಲು ಹಿಡಿದ ಒಬ್ಬ ಮುದುಕರು. ಅಪ್ಪ ಅಂತ ಬಾಯಿಗೆ ಬಂದದ್ದನ್ನು ಹೇಗೋ ತಡೆದೆ. ಅಪ್ಪ ಬದುಕಿದ್ದರೆ ನೂರು ದಾಟಿರಬೇಕು. ಇವರು ನನಗಿಂತ ಹನ್ನೆರಡೋ ಹದಿಮೂರೋ ವರ್ಷ ದೊಡ್ಡವರು ಅಷ್ಟೆ. ಆ ವಯಸ್ಸಿಗೆ ಯಾರಾದರೂ ಮಗನನ್ನು ಹುಟ್ಟಿಸುತ್ತಾರಾ?

ಇವರೇ ಸೈಲಾಸ್. ನೋಡಿ, ಆ ಕಂಬದ ಪಕ್ಕ ಬೂಟು ನೋಡುತ್ತ ಕೂತಿದ್ದಾರೆ. ನಾನು ಕೇಳಿದೆ, ಆ ಹಾಡಿನಲ್ಲಿ ಗಂಟಲು ಸರಿಮಾಡಿಕೊಳ್ಳುವುದು ಯಾರು ಅಂತ. "ನಾನೇ ತಮ್ಮಾ. ಹಳಿಯ ಧೂಳು, ಏನ್ಮಾಡ್ಲಿ" ಅಂದರು. ಕೆಳದನಿ? ಅದೂ ಅವರದೇ. ಆಗ ಅವರಿಗೆ ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲವಂತೆ, ದನಿ ಮಾತ್ರ ಬಂದಿತ್ತಂತೆ. ಮನೆಯೊಳಗಿಂದ ರೆಕಾರ್ಡಿನ ಕವರು ತಂದು ತೋರಿಸಿದೆ. ಟೋಪಿಯ ನೆರಳಿನಲ್ಲಿ ಮುಖ ಕಾಣದೆ ಒಬ್ಬ ನಿಂತಿದ್ದಾನೆ, ಅಕ್ಕ ಅವನನ್ನೇ ತೋರಿಸುತ್ತಿದ್ದಳು, ಮಲಗುವ ಮುಂಚೆ ನಾವು ಅವನಿಗೇ ಮುತ್ತು ಕೊಡುತ್ತಿದ್ದೆವು. ಸೈಲಾಸ್ ಕಣ್ಣು ಕಿರಿದು ಮಾಡಿ ನೋಡಿ, ಅದು ಗ್ಯಾಂಗಿನ ಅಡುಗೆಯವನು, ಹಾಡಲು ಬಾರದು, ಫೋಟೋಕ್ಕೆ ಬಂದು ನಿಂತ ಅಂದರು.

ಹಾಗಾದರೆ ನನ್ನ ಅಪ್ಪ? ರೆಕಾರ್ಡು ಮಾಡುವ ಮೊದಲೇ ಗ್ಯಾಂಗು ಬಿಟ್ಟು ಒಳನಾಡಿನ ಗಣಿ ಊರಿಗೆ ಹೋಗಿದ್ದನಂತೆ. ಅಲ್ಲಿ ಇನ್ನೊಂದು ಮನೆ. ಇನ್ನಷ್ಟು ಮಕ್ಕಳು. ತುಂಬ ವರ್ಷ ಬದುಕಿದ್ದ. ಅಮ್ಮ ಜ್ವರದಲ್ಲಿ ಬಾಗಿಲು ನೋಡುತ್ತಿದ್ದಾಗ ಬದುಕಿದ್ದ. ನನ್ನ ಮಗನಿಗೆ ನಾನು ಅವನ ಹೆಸರಿಡುವಾಗ ಬದುಕಿದ್ದ.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಹದಿನಾರರ ಹುಡುಗಿ, ತಬ್ಬಲಿ ತಮ್ಮನಿಗೆ ಏನೋ ಹೇಳಿದಳು, ತಾನೂ ನಂಬಿದಳು ಅಂತ. ಆದರೆ ಅಕ್ಕನಿಗೆ ಗೊತ್ತಿತ್ತು. ಆಪರೇಷನ್ನಿಗೆ ಅಂತ ಟೌನ್ಸ್‌ವಿಲ್‌ಗೆ ಹೋಗಿದ್ದಳಲ್ಲ, ಆಗ ಸೈಲಾಸ್ ಚರ್ಚಿನವರ ಜೊತೆ ರೋಗಿಗಳಿಗೆ ಹಾಡಲು ವಾರ್ಡಿಗೆ ಬಂದಿದ್ದರು. ಹಾಡುವ ಮುಂಚೆ ಗಂಟಲು ಸರಿಮಾಡಿಕೊಂಡರು. ಹಾಸಿಗೆಯ ಮೇಲೆ ಅಕ್ಕ ಎದ್ದು ಕೂತಳಂತೆ. ಎಲ್ಲ ಕೇಳಿದಳು. ಇವರು ಎಲ್ಲ ಹೇಳಿದರು. ಆಮೇಲೆ ಅವಳು ಹೇಳಿದ್ದು ಇಷ್ಟು: "ನನ್ನ ತಮ್ಮ ನಿಂತಿರೋದೇ ನಿಮ್ಮ ದನಿ ಮೇಲೆ. ನಾನು ಸತ್ತು ನನ್ನ ಕಲ್ಲಿನ ಬಟ್ಟೆ ಸರಿಯೋ ದಿನದ ತನಕ ನಮ್ಮ ದ್ವೀಪಕ್ಕೆ ಕಾಲಿಡ್ಬೇಡಿ. ಆಮೇಲೆ ನಿಮ್ಮಿಷ್ಟ."

ಇವರು ಮಾತು ಕೊಟ್ಟರು. ಅವಳು ಊರಿಗೆ ಬಂದಳು. ಬಂದ ಭಾನುವಾರವೇ ರೆಕಾರ್ಡು ಹಾಕಿದಳು. ಸಭಿಕರೇ, ಗೊತ್ತಿದ್ದೂ ಹಾಕಿದಳು. ಮೊದಲೆಲ್ಲ ಹಾಡು ಬರುವಾಗ ಒಲೆಯ ಮುಂದಿರುತ್ತಿದ್ದವಳು ಆಮೇಲೆ ಬಂದು ನನ್ನ ಪಕ್ಕ ಕೂರತೊಡಗಿದಳು. ವಯಸ್ಸಾಯಿತು, ಕಾಲು ನೋವು ಅಂದುಕೊಂಡೆ. ನನ್ನ ಮುಖ ನೋಡಲು ಕೂರುತ್ತಿದ್ದಳೇ? ಈಗ ಯಾರನ್ನು ಕೇಳಲಿ? ಕಲ್ಲನ್ನು ಕೇಳಲೇ?

ಪಾದ್ರಿಗಳು ನನ್ನ ಅಂಗಿ ಜಗ್ಗುತ್ತಿದ್ದಾರೆ. ಯಾಕೆ ಅಂತ ಗೊತ್ತು. ಯಾರು ಹೆತ್ತರು, ಯಾರಿಗೆ ಕೊಟ್ಟರು ಅನ್ನುವುದನ್ನು ನಮ್ಮಲ್ಲಿ ನಾಲ್ಕು ಜನರ ಮುಂದೆ ಆಡಬಾರದು. ಈ ಸಭೆಯಲ್ಲಿ ಹೆತ್ತವರ ಮನೆಯಲ್ಲೇ ಬೆಳೆದವರು ಕೈ ಎತ್ತಿ ಅಂದರೆ ಎಷ್ಟು ಕೈ ಏಳುತ್ತವೋ ದೇವರಿಗೇ ಗೊತ್ತು. ಮಕ್ಕಳಿಲ್ಲದ ಅಣ್ಣನಿಗೆ ತಮ್ಮ ತನ್ನ ಮಗು ಕೊಡುತ್ತಾನೆ, ಗಂಡುಮಕ್ಕಳೇ ಇರುವ ಮನೆಗೆ ಅಕ್ಕ ಹೆಣ್ಣುಮಗು ಕೊಡುತ್ತಾಳೆ. ಕೊಟ್ಟಮೇಲೆ ಎರಡು ಮನೆಯ ದೊಡ್ಡವರೂ ಬಾಯಿ ಹೊಲಿದುಕೊಳ್ಳುತ್ತಾರೆ. ಮಗುವಿಗೆ ಹೇಳುವುದಿಲ್ಲ. ಹೇಳಿದವನು ಹೀನ. ಸಾಕಿದವನೇ ಅಪ್ಪ, ಮಾತು ಮುಗಿಯಿತು.

ಬೆಳಗಿನಿಂದ ಕುದಿಯುತ್ತಿರುವ ತಲೆಗೆ ಇಲ್ಲಿ ನಿಂತು ಮಾತಾಡುತ್ತಿರುವಾಗ ಇದು ಹೊಳೆಯಿತು. ಅಕ್ಕ ಮಾಡಿದ್ದು ಅದನ್ನೇ ಅಲ್ಲವೇ? ನಮ್ಮನ್ನು ಹೆತ್ತವನು ಕೈಬಿಟ್ಟ. ಅವಳು ನನ್ನನ್ನು ಒಂದು ದನಿಗೆ ಕೊಟ್ಟಳು. ಆಮೇಲೆ ಆಸ್ಪತ್ರೆಯಲ್ಲಿ ಆ ಮನೆಯವರ ಒಪ್ಪಿಗೆಯನ್ನೂ ಪಡೆದಳು. ಮಗುವಿಗೆ ಮಾತ್ರ ಹೇಳಲಿಲ್ಲ. ಪದ್ಧತಿ ಒಂದಿಷ್ಟೂ ತಪ್ಪಿಲ್ಲ. ನನ್ನ ಸಿಟ್ಟು ಇಳಿದಿದೆ ಅಂತ ಯಾರೂ ಅಂದುಕೊಳ್ಳಬೇಡಿ. ಮನೆಗೆ ಹೋಗಿ ಅವಳ ಫೋಟೋದ ಮುಂದೆ ಜಗಳವಾಡುವುದು ಇದೆ. ಆದರೆ ಲೆಕ್ಕವಿಲ್ಲದಷ್ಟು ಭಾನುವಾರ ನನ್ನನ್ನು ಸಾಕಿದವರು ಆ ಕಂಬದ ಪಕ್ಕ, ಹೊರಗಿನ ಅತಿಥಿಗಳ ಸಾಲಿನಲ್ಲಿ, ಯಾರೋ ಅನ್ನುವ ಹಾಗೆ ಕೂರುವುದು ನನಗೆ ಸರಿಕಾಣುವುದಿಲ್ಲ.

ಟಿಟಸ್, ಆ ಕುರ್ಚಿ ಎತ್ತು. ನಮ್ಮ ಬೆಂಚಿನ ಪಕ್ಕ ತಂದು ಹಾಕು. ಅವರು ಇವತ್ತು ಸಾವಿನ ಮನೆಯವರು. ಅವರಿಗೂ ನೀವೇ ಬಡಿಸಬೇಕು, ನಮಗಿಂತ ಮೊದಲು. ಅಪ್ಪಾ, ತಲೆ ಆಡಿಸಬೇಡಿ, ನಿಮ್ಮ ಒಪ್ಪಿಗೆ ಅಕ್ಕ ಯಾವಾಗಲೋ ತೆಗೆದುಕೊಂಡಾಗಿದೆ. ಯಾರಾದರೂ ಅವರ ಕೋಲು ಕೊಡಿ. ನಿಧಾನ. ಹಾಂ, ಹಾಗೆ ಬನ್ನಿ. ನಿಮ್ಮ ಮೊಮ್ಮಗನ ಹೆಸರು ಮಾತ್ರ ಬೇರೆಯವನದು. ಅದನ್ನು ಈಗ ಬದಲಾಯಿಸಲು ಆಗುವುದಿಲ್ಲ, ಅವನಿಗೇ ಮಕ್ಕಳಾಗಿದ್ದಾರೆ.

ಕಲ್ಲು ತಂದ ಬೀಗರಿಗೆ, ಒಲೆ ತೋಡಿದ ಕೈಗಳಿಗೆ, ನನ್ನ ಒರಟು ಮಾತು ಕೇಳಿದ ನಿಮಗೆಲ್ಲ ಮನೆಯವರ ಪರವಾಗಿ ಕೃತಜ್ಞತೆ. ಮನೆಯವರು ಅಂದರೆ, ನಾನು ಮತ್ತು ನನ್ನ ಅಪ್ಪ. ನಮಸ್ಕಾರ.