ಮುಚ್ಚಿದ ಕಿವಿಯೊಳಗಿನ ದನಿ

ಶಿರಂಗಾಲದ ಶುಂಠಿ ತೊಳೆಯುವ ಶೆಡ್ಡಿನ ತಗಡಿನ ಮೇಲೆ ಸಂಜೆಯ ಮಳೆ ಬಿದ್ದು, ಕೆಲಸ ಮುಗಿಸಿದ ಹೆಂಗಸರೆಲ್ಲ ಒಳಗೇ ಉಳಿದರು. ನಾಳೆ ಮದುವೆಮನೆಯಲ್ಲಿ ಸೋಬಾನೆ ಹಾಡಬೇಕಿತ್ತು. ಕೆಳದನಿ ಹಿಡಿಯುತ್ತಿದ್ದ ರಂಜಿತಾ ಹೆರಿಗೆಗೆಂದು ತವರಿಗೆ ಹೋಗಿದ್ದರಿಂದ ಆ ಪಾಲು ಸೌಜನ್ಯಳಿಗೆ ಬಂದಿತ್ತು. ಎಲ್ಲರೂ ಮೇಲೆ ಹಾಡುವಾಗ ಅದೇ ಸಾಲನ್ನು ಅವಳೊಬ್ಬಳೇ ಕೆಳಗೆ ಹಿಡಿಯಬೇಕು. ಎರಡು ಸಾಲು ಮುಗಿಯುವಷ್ಟರಲ್ಲಿ ಅವಳ ದನಿ ಹೋಗಿ ಮಿಕ್ಕವರ ದನಿಗೆ ಅಂಟಿಕೊಳ್ಳುತ್ತಿತ್ತು.

"ಜಾರುಬಂಡೆ ಮೇಲೆ ನಿಂತಂಗೆ ಹಾಡ್ತೀಯಲ್ಲೇ," ಎಂದು ಭವ್ಯಶ್ರೀ ನಕ್ಕಳು.

ಸೌಜನ್ಯ ಹಾಡು ನಿಲ್ಲಿಸಿ ಕೂತುಬಿಟ್ಟಳು. ಮದುವೆಯಾಗಿ ಬಂದ ಈ ಊರಿನಲ್ಲಿ ಅವಳನ್ನು ಹೆಸರು ಹಿಡಿದು ಕರೆದು ಪಕ್ಕದಲ್ಲಿ ಕೂರಿಸಿಕೊಂಡದ್ದು ಈ ಹಾಡಿನ ಗುಂಪೊಂದೇ. ನಾಳೆ ಕೆಟ್ಟರೆ ಅದೂ ಇಲ್ಲ. "ನನ್ ಕೈಲಾಗಲ್ಲ, ಬೇರೆಯವರನ್ನ ನೋಡ್ಕೊಳ್ಳಿ," ಎಂದಳು.

ಮೂಲೆಯಲ್ಲಿ ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದ ಮುದುಕಿ ವನಜಮ್ಮ ತಲೆಯೆತ್ತಿದಳು.

"ಬಾ ಇಲ್ಲಿ. ರಂಜಿತಾನೂ ನಿನ್ನಂಗೇ ಕೈಲಾಗಲ್ಲ ಅಂದೋಳು. ಮಳೆ ನಿಲ್ಲೋಗಂಟ ಹೇಳ್ತೀನಿ, ಕೇಳಿ.

"ದನಿ ಜಾರದಂಗೆ ಒಂದು ಕಿವಿ ಮುಚ್ಕೊಂಡು ಹಾಡು ಅಂದಿದ್ದೆ ಅವಳಿಗೆ, ಹಂಗೆ ಮುಚ್ಕೊಂಡ್ರೆ ನಮ್ ದನಿ ನಮಗೇ ಒಳಗೆ ಕೇಳ್ತದೆ. ಅವಳು ಹೊಳೆದಂಡೆ ಗದ್ದೆ ಬದು ಮೇಲೆ ಒಬ್ಬಳೇ ನಿಂತು, ಎಡಗಿವಿ ಮುಚ್ಕೊಂಡು, ನಾವು ನಾಟಿ ಮಾಡೋವಾಗ ಹೇಳ್ತಿದ್ದ ಹಳೇ ಪದ ಎತ್ಕೊಂಡಳು ನೋಡಿ... ಮುಚ್ಚಿದ ಕಿವಿಯೊಳಗೆ ಇನ್ನೊಂದು ದನಿ. ಅವಳದಲ್ಲ. ಅವಳಿಗಿಂತ ಕೆಳಗೆ. ಇವಳು ನಿಲ್ಲಿಸಿದ್ರೆ ಅದೂ ನಿಲ್ತು... ಆದ್ರೆ ಉಸಿರು ಎಳ್ಕೊಂಡದ್ದು ಕೇಳಿಸ್ತಂತೆ. ಬೆರಳು ತುರುಕಿದ ಕಿವಿಯೊಳಗೆ ಹೊರಗಿನೋರ ಉಸಿರು ಹೆಂಗಮ್ಮ ಬಂದೀತು?

"ಓಡಿ ಬಂದು ಆ ದನಿ ಹಾಡಿ ತೋರಿಸಿದಳು. ಸಾಲಿನ ಕೊನೇಲಿ ಒಂದು ಬಾಗು... ಕೊಡದಿಂದ ನೀರು ಬಗ್ಗಿಸ್ದಂಗೆ. ಕೈಲಿದ್ದ ಎಲೆ ಬಿದ್ದೋಯ್ತು ನಂಗೆ. ಆ ಬಾಗು ನನ್ ಗಂಟಲಿಗೆ ಬರಲ್ಲ, ರಂಜಿತಾಗೂ ಆಮೇಲೆ ಬರ್ಲಿಲ್ಲ. ಅದು ದೊಡ್ಡೀದು. ದೊಡ್ಡಿ ಅಂತ ನಮ್ ಜೊತೆಯೋಳು, ನಾಟಿ ಸಾಲಿನ ಎಡತುದೀಲಿ ನಿಂತು ಕೆಳದನಿ ಹಿಡೀತಿದ್ದೋಳು. ಅದೇ ಗದ್ದೇಲಿ, ಅದೇ ಪದದ ನಡುವೆ ಎದೆ ಹಿಡ್ಕೊಂಡು ಕೆಸರಿಗೆ ಕೂತೋಳು ಏಳಲೇ ಇಲ್ಲ. ಗದ್ದೇಲಿ ಎತ್ತಿದ ಪದ ಮುಗಿಸ್ದೆ ಬದು ಹತ್ತಬಾರ್ದು, ಅದು ನಮ್ ಕಟ್ಟು. ಅವತ್ತು ಅವಳನ್ನ ಹೊತ್ಕೊಂಡು ಓಡಿದ್ವಿ... ಪದ ಅಲ್ಲೇ ಉಳೀತು. ಅರ್ಧ ಪದ ಇಟ್ಕೊಂಡು ಅವಳಾದ್ರೂ ಎಲ್ಲಿಗೆ ಹೋಗ್ಬೇಕಿತ್ತು, ಹೇಳಿ?

"ಮಾರನೇ ದಿನ ಹಳಬರೆಲ್ಲ ಅದೇ ಗದ್ದೆಗಿಳಿದು ಸಾಲಾಗಿ ನಿಂತ್ವಿ. ಎಡತುದಿ ಖಾಲಿ ಬಿಟ್ವಿ. ಅದರ ಪಕ್ಕ ರಂಜಿತಾ. ಬಿಟ್ಟ ಸಾಲಿಂದ ಎತ್ಕೊಂಡು ಕೊನೆಗಂಟ ಹಾಡಿದ್ವಿ. ಅವಳ ದನಿ ಜಾರಲೇ ಇಲ್ಲ. ಮುಗಿದ ಮೇಲೆ ಕಿವಿ ಮುಚ್ಕೊಂಡ್ರೆ... ಒಳಗೆ ಯಾರೂ ಇಲ್ಲ. ಎಷ್ಟೋ ವರ್ಷದ ಮೇಲೆ ಆ ಬದೂನ ನಗಾಡ್ತಾ ಹತ್ತಿದ್ವಿ."

ಸೌಜನ್ಯ ಎದ್ದು ನಿಂತು ಎಡಗಿವಿಗೆ ಬೆರಳಿಟ್ಟಳು. ಹೆಂಗಸರು ಸೋಬಾನೆ ಎತ್ತಿದರು. ಈ ಸಲ ಅವಳ ದನಿ ಕೆಳಗೇ ನಿಂತಿತು. ಮೇಲಿನ ದನಿಗಳು ಅದರ ಮೇಲೆ ಕೂತು ಹೋದವು, ಕೊನೆಯ ಸಾಲಿನವರೆಗೂ. ಅವಳಿಗೆ ನಗು ಬಂತು, ಕಣ್ಣೂ ತುಂಬಿತು.

"ನಾಳೆ ನನ್ ಪಕ್ಕಾನೇ ನಿಂತ್ಕೊಳ್ಳೇ," ಎಂದು ಭವ್ಯಶ್ರೀ ಭುಜ ತಟ್ಟಿದಳು. ಹೊರಗೆ ಮಳೆಯೂ ಸಣ್ಣಗಾಗಿತ್ತು.

ವನಜಮ್ಮ ಎಲೆ ಮಡಿಚಿ ಬಾಯಿಗಿಟ್ಟುಕೊಂಡಳು. "ಚೆನ್ನಾಗಿತ್ತು ಮಗಾ. ಸಾಲಿನ ಕೊನೇಲಿ ದನಿ ಬಗ್ಗಿಸಿದೆಯಲ್ಲ... ಅದನ್ನ ನಾನು ಹೇಳ್ಕೊಟ್ಟಿಲ್ಲ."

ಸೌಜನ್ಯ ಕಿವಿಯಿಂದ ಮೆಲ್ಲನೆ ಬೆರಳು ತೆಗೆದಳು.

"ಹೆದರ್ಬೇಡ," ಎಂದಳು ಮುದುಕಿ. "ಭವ್ಯಾ, ನಾಳೆ ನೀನು ಇವಳ ಬಲಕ್ಕೆ ನಿಂತ್ಕೊ. ಎಡಗಡೆ ಜಾಗ ಬಿಡಿ."