ಬಾಟಲಿಯ ಮೇಲಿನ ಮೀಸೆ

ಅಲ್ಲ ಲ್ಯಾನ್ಸಿ, ನಾನು ಕೇಳಿದ್ದು ಒಂದೇ ಮಾತು. ಕೋಳಿಯ ಗಸಿ ಹೇಗುಂಟು? ಅದಕ್ಕೆ ನೀನು ಗಟಗಟ ನೀರು ಕುಡಿದು ನನ್ನ ಮುಖ ನೋಡ್ತೀ. ಇದೆಂಥ ಉತ್ತರ ಮಾರಾಯ?

ಖಾರ ಅಂತ ಗೊತ್ತುಂಟು. ಕೋರಿ ಗಸಿ ಮತ್ತೆ ಪಾಯಸದ ಹಾಗೆ ಇರಬೇಕಾ? ನೀರು ಸಾಲದಿದ್ದರೆ ನಿನ್ನ ಬೆನ್ನ ಹಿಂದಿನ ಫ್ರಿಜ್ಜಿನಲ್ಲಿ ಕೆಂಪು ಪುನರ್ಪುಳಿ ಶರಬತ್ತು ಉಂಟು, ಜಗ್ಗು ತುಂಬ ಮಾಡಿಟ್ಟಿದ್ದೇನೆ. ಆದರೆ ವೈನು ಇರುವಾಗ ಶರಬತ್ತು ಯಾರು ಕುಡೀತಾರೆ?

ದೋಹಾದ ಎಸಿಯಲ್ಲಿ ಕೂತು ಕೂತು ನಿನ್ನದು ಮಗುವಿನ ನಾಲಿಗೆ ಆಗಿದೆ. ಇಂಡಸ್ಟ್ರಿಯಲ್ ಏರಿಯಾದ ಮೆಸ್ಸಿನಲ್ಲಿ ಈ ದುಗ್ಗು ಒಗ್ಗರಣೆ ಹಾಕಿದರೆ ಬಸ್ಸು ಹತ್ತಿದವರೆಲ್ಲ ಇಳಿದು ಬರ್ತಿದ್ದರು. ಡ್ರೈವರೂ ಇಳೀತಿದ್ದ. ಒಂದು ದಿನ ಬಸ್ಸೇ ತಾನಾಗಿ ಹಿಂದೆ ಬಂದದ್ದುಂಟು.

ಯಾಕೆ ನಗ್ತೀ? ಸ್ವಲ್ಪ ಇಳಿಜಾರು ಇತ್ತು, ಒಪ್ಪುತ್ತೇನೆ.

ನಗು ಬಂತಲ್ಲ, ಈಗಲಾದರೂ ಬಾಯಿ ಬಿಡು. ಬರುವ ಶುಕ್ರವಾರ ನಿನ್ನ ಮಗ ಬ್ರ್ಯಾಂಡನ್‌ನ ನಿಶ್ಚಿತಾರ್ಥ. ಊಟ ನನ್ನ ಕೈಯದ್ದಾ, ಆ ಫವಾಝ್‌ನ ಕ್ಯಾಟರಿಂಗಿನದ್ದಾ? ಅದು ತೀರ್ಮಾನ ಆಗಲಿ ಅಂತಲೇ ನಿನ್ನನ್ನು ಮುಐದರಿನ ನನ್ನ ಈ ಗೂಡಿನಂಥ ರೂಮಿಗೆ ಕರೆದದ್ದು. ಮೆಸ್ಸಿನವರು 'ದುಗ್ಗಣ್ಣ, ನಿಮಗೆ ವಯಸ್ಸಾಯಿತು, ಖಲಾಸ್' ಅಂದ ಮೇಲೆ ಒಬ್ಬನೂ ನನ್ನ ಕೈಗೆ ಸೌಟು ಕೊಟ್ಟಿಲ್ಲ. ವಯಸ್ಸಂತೆ. ವಯಸ್ಸು ಕಾಲಿಗೆ ಆಗುವುದು, ಕೈರುಚಿಗಾ?

ಒಂದು ತುತ್ತು ತಿಂದು ತಟ್ಟೆ ದೂಡಿದ್ದು ನೋಡಿದೆ. ಹೋಗಲಿ, ವೈನಿನ ಮಾತಾಡುವಾ. ನನಗೆ ಇಲ್ಲಿ ಮದ್ಯ ಕೊಳ್ಳುವ ಪರ್ಮಿಟ್ ಇಲ್ಲ, ನಿನಗುಂಟು, ನಾನು ಹೇಳಿದ ಇಟಲಿಯದ್ದೇ ತಂದಿದ್ದಿ. ನಾನು ಇನ್ನಷ್ಟು ರೊಟ್ಟಿ ತರಲಿಕ್ಕೆ ಒಳಗೆ ಹೋಗಿ ಬರುವುದರೊಳಗೆ ಲೋಟಕ್ಕೂ ಹೊಯ್ದಿಟ್ಟಿದ್ದಿ. ಅಷ್ಟು ಒಳ್ಳೆಯವ ನೀನು.

ಅಗ್ಗದ್ದು ಅಂತ ಮೂಗು ಮುರೀಬೇಡ. ಬಾಯಿಗೆ ಬಿದ್ದ ಕೂಡಲೇ ನನಗೆ ಗೊತ್ತಾಯಿತು, ಎರಡು ದ್ರಾಕ್ಷಿ. ಒಂದು ಗುಡ್ಡದ್ದು, ಒಂದು ಕಡಲ ಬದಿಯದ್ದು. ಗಂಟಲಲ್ಲಿ ಚೂರೂ ಸುಡುವುದಿಲ್ಲ, ಹಾಲಿನ ಹಾಗೆ ಇಳೀತದೆ. ಗಸಿಯಲ್ಲಿ ನೆಂದ ರೊಟ್ಟಿ ಒಂದು ತುತ್ತು, ಇದು ಒಂದು ಗುಟುಕು... ಆಹಾ. ನೋಡು, ಲೋಟ ಖಾಲಿ.

ಈ ವೈನು ಹುಟ್ಟಿದ್ದೇ ನನ್ನ ಸೌಟಿನಿಂದ, ಗೊತ್ತುಂಟಾ? ಆಗ ನಾನು ಒಬ್ಬ ಇಟಲಿ ಇಂಜಿನಿಯರನ ಮನೆಯಲ್ಲಿ ಅಡುಗೆಗಿದ್ದೆ. ಅವನ ಹತ್ತಿರ ಎರಡು ಬಾಟಲಿ. ಒಂದು ಹುಣಿಸೆಯ ಹಾಗೆ ಹುಳಿ, ಇನ್ನೊಂದು ಬೆಲ್ಲದ ಪಾಕದ ಹಾಗೆ ದಪ್ಪ. ಎರಡನ್ನೂ ಚೆಲ್ಲು ಅಂದ. ನಾನು ಚೆಲ್ಲುತ್ತೇನಾ? ಗಸಿಯ ಪಾತ್ರೆಗೆ ಎರಡನ್ನೂ ಸುರಿದು ಸೌಟಿನಲ್ಲಿ ತಿರುವಿ ಕೊಟ್ಟೆ. ಕುಡಿದವನೇ ಅಳಲಿಕ್ಕೆ ಶುರು. ಕೆಂಪು ಕಣ್ಣೀರು, ದೇವರಾಣೆ. ಅವನ ಅಪ್ಪ ಇಟಲಿಯಿಂದ ವಿಮಾನ ಹತ್ತಿ ಬಂದು, ಅಳತೆಗೆ ಬೇಕು ಅಂತ ನನ್ನ ಸೌಟನ್ನೇ ತೆಗೆದುಕೊಂಡು ಹೋದ. ಇವತ್ತು ಪ್ರಪಂಚ ಕುಡಿಯುವುದು ಅದೇ ಅಳತೆ.

ತಲೆ ಅಲ್ಲಾಡಿಸ್ತೀ? ಬಾಟಲಿಯ ಮೇಲೆ ಒಬ್ಬ ಮೀಸೆಯ ಮುದುಕನ ಪಟ ಉಂಟಲ್ಲ, ಅದು ಯಾರು ಅಂದುಕೊಂಡಿದ್ದಿ? ಕೊಡು ಆ ಕಪ್ಪು ಕವರು, ನಿನ್ನ ಕಾಲ ಬುಡದಲ್ಲಿರುವುದು. ಕೊಡು ಮಾರಾಯ, ಯಾಕೆ ಗಟ್ಟಿ ಹಿಡ್ಕೊಳ್ತೀ? ನನಗೆ ಓದಲಿಕ್ಕೆ ಬರುವುದಿಲ್ಲ, ಸರಿ. ನನ್ನ ಮೀಸೆ ನನಗೆ ಗೊತ್ತಾಗುವುದಿಲ್ಲವಾ? ಬಿಡು ಕೈ.

ಹಾಂ. ನೋಡು, ಇದೇ ಮೀಸೆ...

ಲ್ಯಾನ್ಸಿ, ಇದು ಭಾರ ಉಂಟಲ್ಲ. ಬಿರಡೆಯ ಮೇಲಿನ ತಗಡು ಸಹ ಹರಿದಿಲ್ಲ.

ಹಾಗಾದರೆ ನನ್ನ ಲೋಟದಲ್ಲಿ ಇದ್ದದ್ದು ಎಂಥದು?

ಫ್ರಿಜ್ಜಿಗೆ ಯಾಕೆ ಬೆನ್ನು ಒತ್ತಿ ಕೂರ್ತೀ? ಸ್ವಲ್ಪ ಸರಿ, ಆ ಫ್ರಿಜ್ಜಿನ ಬಾಗಿಲು ತೆಗೀತೇನೆ.

ಓ. ಜಗ್ಗು ಅರ್ಧ ಆಗಿದೆ. ನನ್ನ ನಾಲಿಗೆಯ ಪರೀಕ್ಷೆಗಾ ಶರಬತ್ತು ಹೊಯ್ದದ್ದು?

ಬೈಯಿ ಮಾರಾಯ. ಗಸಿಗೆ ಉಪ್ಪು ಹೆಚ್ಚು, ಅಲ್ಲವಾ? ಬಾಯಿಗೆ ಇಡಲಿಕ್ಕೆ ಆಗದಷ್ಟಾ? ಮೆಸ್ಸಿನವರು ಬೈದೇ ಕಳಿಸಿದ್ದರು, ತಟ್ಟೆ ಎತ್ತಿ ಬಿಸಾಡಿದ್ದರು. ನೀನು ಅದನ್ನೂ ಮಾಡುವುದಿಲ್ಲ.

ಆ ಕೊರೊನಾ ಜ್ವರ ಬಂದು ಹೋಯಿತಲ್ಲ, ಅದರ ಜೊತೆಗೇ ನನ್ನ ನಾಲಿಗೆಯ ರುಚಿಯೂ ಹೋಯಿತು. ಉಪ್ಪಿಲ್ಲ, ಹುಳಿಯಿಲ್ಲ, ವಾಸನೆಯಿಲ್ಲ. ಬಾಯಿ ತುಂಬ ಅರಿವೆ ತುರುಕಿದ ಹಾಗೆ.

ಹೋಗು, ಫವಾಝ್‌ಗೇ ಹೇಳು. ಅವನ ಕೈಯೂ ಪರವಾಗಿಲ್ಲ.

ಎದ್ದೆಯಾ? ಹೊರಟೆ ಅಂತ ಎಣಿಸಿದೆ. ಬಿರಡೆ ತೆಗೆಯಲಿಕ್ಕಾ... ತೆಗೆ. ನನ್ನ ಲೋಟಕ್ಕೂ ಹೊಯ್ಯಿ.

ಇಲ್ಲ, ಮೊದಲು ನೀನು. ಗಸಿ ಬಿಡು, ಒಣ ರೊಟ್ಟಿ ಕಚ್ಚಿಕೊಂಡು ಕುಡಿ. ಹ್ಞಾಂ.

ಈಗ ಹೇಳು. ಒಗರು ಉಂಟಾ, ಸಿಹಿ ಉಂಟಾ? ನಿಧಾನಕ್ಕೆ ಹೇಳು. ನಾನು ನಡುವೆ ಬಾಯಿ ಹಾಕುವುದಿಲ್ಲ.