ಆ ಫ್ಲಾಪಿ ಮಕ್ತುಮ್‌ಸಾಬರು ಅಳಿಸಿದ್ದಲ್ಲ

ವೇದಿಕಿ ಮ್ಯಾಲಿನ ಹಿರಿಯರಿಗೆ, ಮಸ್ಕಿ, ಲಿಂಗಸುಗೂರಿನಿಂದ ಬಸ್ ಹಿಡಿದು ಬಂದ ವಿದ್ಯಾರ್ಥಿಗಳಿಗೆ, ಮುಂದ ಕುಂತ ಮಕ್ತುಮ್‌ಸಾಬರ ಮನಿಯವರು ಸಕೀನಾಬೀ ಅಕ್ಕನವರಿಗೆ, ಅವರ ಮಗಳಿಗೆ — ಶರಣು. ನಾನು ವೆಂಕೋಬ. ಈ ಸಿಂಧನೂರಿನ ಕಂಪ್ಯೂಟರ್ ತರಬೇತಿ ಕೇಂದ್ರದಾಗ ಮಕ್ತುಮ್‌ಸಾಬರ ಜೊತಿ ಮೂರು ವರ್ಷ ಪಾಠ ಮಾಡಿದಾಂವ.

ಭಾಷಣ ಬರಕೊಂಡು ಬಂದಿದ್ದೆ. ಕಿಸೆದಾಗ ಐತಿ. ಅಲ್ಲೇ ಇರ್ಲಿ. ಮುಂಜಾನಿ ಸಕೀನಾಬೀ ಅಕ್ಕನವರು ನಮಗೆಲ್ಲ ಒಂದೇ ಮಾತು ಕೇಳಿದ್ರು — "ನನ್ನ ಮಗಳ ಮುಂದ ಆ ಫ್ಲಾಪಿ ಸುದ್ದಿ ತೆಗಿಬ್ಯಾಡ್ರಿ." ಅಷ್ಟ. ಅಧ್ಯಕ್ಷರು ಸಾಬರ ಫೋಟೋಕ್ಕ ಹಾರ ಹಾಕಿದ್ರು, ಎರಡು ಮಾತು ಹೊಗಳಿದ್ರು, ಮೂರನೇ ಮಾತಿಗೆ ಅದನ್ನ ತೆಗೆದ್ರು — "ಆ ಹಾಳಾದ ಆಟದ ಚಟಕ್ಕ ಮಕ್ಕಳ ಮಾರ್ಕ್ಸ್ ಅಳಿಸಿಬಿಟ್ರು, ಆದ್ರೂ ಮನುಷ್ಯ ಒಳ್ಳೆಯವರು." ಆದ್ರೂ — ಅಂತ. ಹೇಸಿಗಿ ಬಂತು ನನಗ. ಅವರ ಮ್ಯಾಲ ಅಷ್ಟ ಅಲ್ಲ. ಯಾರ ಮ್ಯಾಲ ಅಂತ ಹೇಳ್ತೀನಿ, ಸ್ವಲ್ಪ ತಾಳ್ರಿ.

ಆ ಕಂಪ್ಯೂಟರ್ ಆಟ ಏನಂತ ಬೈದವರಿಗೂ ಗೊತ್ತಿಲ್ಲ. ನೆಲದಡಿ ಒಂದು ಕತ್ತಲ ಕೋಟಿ. ಪರದೆ ಮ್ಯಾಲ ನೀವು ಕಾಣಂಗಿಲ್ಲ — ನಿಮ್ಮ ಕಣ್ಣಿಗೆ ಕಾಣೋದಷ್ಟ ಕಾಣತೈತಿ. ಹಿಂಗ — ಮುಂದೊಂದು ಗ್ವಾಡಿ. ಒಂದು ಹೆಜ್ಜಿ. ಎಡಕ್ಕ ತಿರುಗು — ಮತ್ತ ಗ್ವಾಡಿ. ಮುದಗಲ್ ಕೋಟಿಯೊಳಗ ಕಂದೀಲು ಹಿಡಕೊಂಡು ಹೊಕ್ಕಂಗ. ನಾಕು ಮಂದಿ ಗುಂಪು — ಇಬ್ಬರು ಮುಂದ, ಇಬ್ಬರು ಹಿಂದ. ಹೊಡತ ಬಿದ್ರ ಮೊದಲು ಮುಂದಿನವರಿಗೆ. ಸಾಬರು ಎಲ್ಲರಿಗೂ ನಮ್ಮ ಹೆಸರೇ ಇಟ್ಟಿದ್ರು. ಮುಂದ ಕತ್ತಿ ಹಿಡಿದು ತಾವು, ಮತ್ತ ನಮ್ಮ ಜವಾನ ಪಂಪಣ್ಣ. ಹಿಂದ ಮದ್ದು ಕೊಡಾಕ ಸಕೀನಾ, ಮಂತ್ರ ಹಾಕಾಕ ವೆಂಕೋಬ. ಪಂಪಣ್ಣ ಕೇಳ್ತಿದ್ದ, "ಇಲ್ಲಿ ನೀರು ತುಂಬೋದೂ ನಾನ, ಅಲ್ಲಿ ಒದಿಸಿಕೊಳ್ಳೋದೂ ನಾನ ಏನ್ರಿ?"

ಊಟದ ಬಿಡುವಿನಾಗ ನಾನು ಕೀಲಿ ಒತ್ತಬೇಕು, ಸಾಬರು ಒಂದು ಕೈಯಾಗ ರೊಟ್ಟಿ, ಒಂದು ಕೈಯಾಗ ಪೆನ್ಸಿಲ್. ಒಂದು ಹೆಜ್ಜಿಗೆ ಗ್ರಾಫ್ ಪುಸ್ತಕದಾಗ ಒಂದು ಚೌಕ. ಕುಣಿ ಎಲ್ಲೈತಿ, ಕಳ್ಳ ಬಾಗಿಲ ಎಲ್ಲೈತಿ — ಎಲ್ಲಾ ನಕಾಶೆದಾಗ. ಕಥಿ ಅಂದ್ರ ಮೊದಲಿಗೆ ನಾಕು ಸಾಲು ಬರ್ತಿತ್ತು, ಯಾವುದೋ ರಾಜನ ಹರಳು ಕಳದೈತಿ, ಹುಡುಕ್ರಿ ಅಂತ. ಉಳಿದದ್ದು ನಾವ ಕಟ್ಟಿದ್ದು.

ಒಮ್ಮೆ ಐದನೇ ಅಂತಸ್ತಿನಾಗ ಜೇಡ ಕಡಿದು ವೆಂಕೋಬ ಸತ್ತ. ಸತ್ತವರ ಎಲುಬು ಹೊತ್ತು ಎರಡನೇ ಅಂತಸ್ತಿನ ಕಟ್ಟಿ ಮ್ಯಾಲ ಇಟ್ರ ಜೀವ ಬರತೈತಿ. ನಾನ ಅಂದೆ, "ಬಿಡ್ರಿ ಸಾಬ್ರ, ಅವನ್ನ ಅಲ್ಲೇ ಒಗದು ಮುಂದ ಹೋಗೋಣು." "ಹೊಲಸು ಮಾತಾಡಬ್ಯಾಡಲೇ," ಅಂದ್ರು. ಭಾರ ಆಗತೈತಂತ ತಮ್ಮ ಢಾಲು ಅಲ್ಲೇ ಬಿಟ್ಟು, ಎಲುಬು ಹೊತಗೊಂಡು, ಮೂರು ದಿನದ ಬಿಡುವು ಹಾಕಿ ಮ್ಯಾಲ ತಂದ್ರು.

ಈಗ ಫ್ಲಾಪಿ ಮಾತು. ನಮ್ಮೂರ ಬಿಸಲಿಗೆ ಫ್ಲಾಪಿ ಮ್ಯಾಲಿನ ಚೀಟಿಯ ಅಂಟು ಕರಗಿ ಯಂತ್ರದೊಳಗ ಹತ್ತಿಬಿಡ್ತಿತ್ತು. ಅದಕ್ಕ ನಮ್ಮಲ್ಲಿ ಚೀಟಿ ಹಚ್ಚೋದ ಇಲ್ಲ — ಹೆಸರೇನಿದ್ರೂ ಕಾಗದದ ಕವರಿನ ಮ್ಯಾಲ. ತೊಂಬತ್ತೈದರ ಏಪ್ರಿಲ್. ಸಾಬರು ಒಳಗ ಪಾಠ ಮಾಡಾಕತ್ತಿದ್ರು. ನಾನೊಬ್ಬನ ಆಟಕ್ಕ ಕುಂತೆ. ಗುಂಪು ಎಲ್ಲಿತನಕ ಬಂದೈತಿ ಅಂತ ಉಳಿಸಿಡಾಕ ಖಾಲಿ ಫ್ಲಾಪಿ ಬೇಕಿತ್ತು. ಟೇಬಲ್ ಮ್ಯಾಲ ಎರಡು ಬಿದ್ದಿದ್ವು, ಕವರ್ ಇಲ್ಲದ್ವು. ಒಂದನ್ನ ತುರುಕಿ ಫಾರ್ಮ್ಯಾಟ್ ಹೊಡೆದೆ — ಅದರಾಗಿದ್ದ ಅರವತ್ತೆರಡು ಮಕ್ಕಳ ಮಾರ್ಕ್ಸ್ ಅಳಿಸಿ ಹೋತು. ಪಾಪ, ಅವರೆಲ್ಲ ಮತ್ತೊಮ್ಮೆ ಪರೀಕ್ಷೆಗೆ ಕುಂತ್ರು.

ಹೌದ್ರಿ. ನಾನು.

ವಿಚಾರಣೆ ದಿನ ಅಧ್ಯಕ್ಷರು ಕೇಳಿದ್ರು — ಆಟ ಆಡೋರು ಯಾರು? ಎಲ್ಲರ ಕಣ್ಣು ಸಾಬರ ಕಡೆ. ಸಾಬರ ಕಣ್ಣು ನನ್ನ ಕಡೆ. ನಾನು ನೆಲ ನೋಡಿದೆ. "ನನ್ನ ಕೈಯಾಗ ಆಗೈತ್ರಿ," ಅಂದ್ರು ಅವರು. ಅವತ್ತೇ ಕೆಲಸ ಹೋತು. ಹೊರಗ ಬಂದು ಕಾಲಿಗೆ ಬೀಳಾಕ ಹೋದ್ರ ರಟ್ಟಿ ಹಿಡಿದು ಎಬ್ಬಿಸಿ, "ನನಗ ಟೈಪಿಂಗ್ ಬರತೈತಿ, ಎಲ್ಲಿಯಾದ್ರೂ ಕೆಲಸ ಸಿಗತೈತಿ. ನಿನಗೇನು ಬರತೈತಲೇ — ಮಂತ್ರ?" ಅಂತ ನಕ್ಕರು.

ಮಂಗ್ಯಾ ಮೊಸರು ತಿಂದು ಆಡಿನ ಬಾಯಿಗೆ ಒರೆಸಿತ್ತಂತ. ಆ ಮಂಗ್ಯಾ ನಾನ. ಆಮ್ಯಾಲ ಸಾಬರು ದಿನಾ ತಮ್ಮೂರು ಮಸ್ಕಿಯಿಂದ ಲಿಂಗಸುಗೂರಿನ ಟೈಪಿಂಗ್ ಕ್ಲಾಸಿಗೆ ಬಸ್ಸಿನಾಗ ನಿಂತು ಹೋಗ್ತಿದ್ರು. ಹೋದ ಮಂಗಳವಾರ ಅಲ್ಲೇ ಎದಿ ಹಿಡಕೊಂಡು ಕುಂತವರು ಏಳಲಿಲ್ಲ. ಇಲ್ಲಿ ಅವರ ಕುರ್ಚಿ ಮ್ಯಾಲ ನಾನು ಒಂದು ವರ್ಷದಿಂದ ಕುಂತೀನಿ. ಚಹಾ ಕುಡದೀನಿ, ಪಾಠ ಮಾಡೀನಿ, "ಆಟ ಕೆಟ್ಟದ್ದು" ಅಂತ ಮಕ್ಕಳಿಗೆ ಬುದ್ಧಿನೂ ಹೇಳೀನಿ. ನನ್ನ ಮಾರಿಗೆ ನಾನ ಉಗುಳಬೇಕು.

ಅವ್ವಾ — ಇತ್ತ ನೋಡವ್ವ. ನಿಮ್ಮಪ್ಪ ಏನೂ ಅಳಿಸಿಲ್ಲ. ನಾನು ಅಳಿಸಿದ್ದು. ಯಾರಾದ್ರೂ ಕೇಳಿದ್ರ ನನ್ನ ಹೆಸರು ಹೇಳು.

ಅಧ್ಯಕ್ಷರ, ಸಂತಾಪದ ಗೊತ್ತುವಳಿ ಇನ್ನೂ ನಿಮ್ಮ ಕೈಯಾಗ ಐತಿ, ಅದರಾಗೂ ಸಾಬರು ಮಾರ್ಕ್ಸ್ ಅಳಿಸಿದ್ರು ಅಂತ ಬರದೈತಿ. ಆ ಸಾಲು ಹೊಡೆದು ಹಾಕ್ರಿ. ನಾಳೆಯಿಂದ ಬರಬ್ಯಾಡ ಅಂದ್ರ ಬರಂಗಿಲ್ಲ, ಖರೆ ಆ ಸಾಲು ಹೊಡೆದು ಹಾಕ್ರಿ.

ಈಗ ಎಲ್ಲರೂ ಏಳ್ರಿ. ಎರಡು ನಿಮಿಷ ಮಾತಿಲ್ಲದ ನಿಲ್ಲೋಣು. ಅಧ್ಯಕ್ಷರ, ನೀವೂ — ಸಕೀನಾಬೀ ಅಕ್ಕ, ನೀವು ಏಳಬ್ಯಾಡ್ರಿ. ಮಗಳನ್ನೂ ಹತ್ತಿರ ಕುಂದರಿಸಿಕೊಳ್ರಿ. ನಿಮ್ಮಿಬ್ಬರ ಮುಂದ ನಾವು ನಿಂದರತೀವಿ.